ಬಂಡೆ ಮೇಷ್ಟ್ರು

ನಮ್ಮ ಡ್ರಾಯಿಂಗ್ ಮೇಷ್ಟ್ರನ್ನು ನಾವೆಲ್ಲ ಬಂಡೆ ಮೇಷ್ಟ್ರು ಎಂದೇ ಕರೆಯುತ್ತಿದ್ದೆವು. ಕಡಲ ದಂಡೆಯ ಬಂಡೆಗಳನ್ನು ಬಿಟ್ಟು ಅವರು ಬೇರೇನನ್ನೂ ಬರೆದವರಲ್ಲ. ಬರೆಯುವುದೇನು ಬಂತು, ಜಗಳವೇ! ಇದ್ದಿಲು ಪುಡಿಯಾಗಬೇಕು, ಹಲಗೆ ನರಳಬೇಕು, ಅವರ ಮೂಗು ಕಪ್ಪಾಗಬೇಕು. ಆಮೇಲೆ ಕಾಗದದ ಮೇಲೊಂದು ಬಂಡೆ ಎದೆಯೊಡ್ಡಿ ನಿಂತಿರುತ್ತಿತ್ತು. ನಾವು ನುಣ್ಣಗೆ ಗೆರೆ ಎಳೆದರೆ, "ಇದೇನೋ, ಆಲೂಗಡ್ಡೆನಾ? ಹುಟ್ಟಿದಾಗಿಂದ ಏಟು ತಿಂದಿದೆಯಪ್ಪ ಅದು, ಆ ಏಟು ಕಾಣ್ಲಿ!" ಎಂದು ಗುಡುಗುತ್ತಿದ್ದರು. ಮೆಚ್ಚಿ ಬೆನ್ನು ತಟ್ಟಿದರೆ ಅಂಗಿಯ ಮೇಲೆ ಐದು ಬೆರಳೂ ಮೂಡುತ್ತಿದ್ದವು. ಅಮ್ಮ ಅದನ್ನು ಉಜ್ಜುತ್ತ, "ಇವತ್ತು ಶಹಬಾಸ್ ಸಿಕ್ಕಿರ್ಬೇಕು" ಎಂದು ಗೊಣಗುತ್ತಿದ್ದಳು. ಆದರೆ ಅವರ ಚಿತ್ರದಲ್ಲಿ ಕಡಲಿರಬೇಕಾದ ಕಡೆ ಬರೀ ಬಿಳಿ ಕಾಗದ. ಕೇಳಿದರೆ, "ನೀರು ನನ್ನ ಕೈಗೆ ಬಗ್ಗಲ್ಲ ಕಣ್ರೋ, ನಂದು ಒರಟು ಕೈ" ಎಂದು ಮಾತು ಮುಗಿಸುತ್ತಿದ್ದರು. ಅವರು ನಿವೃತ್ತರಾಗಿ ಎಷ್ಟೋ ವರ್ಷಗಳ ಮೇಲೆ ನೋಡಲು ಹೋದೆ. ಕೈ ಹೇಗೆ ನಡುಗುತ್ತಿತ್ತೆಂದರೆ, ನೀರಿನ ಲೋಟವನ್ನೂ ಹೆಂಡತಿಯೇ ಬಾಯಿಗೆ ಹಿಡಿಯುತ್ತಿದ್ದರು. ನಾನು ನೆಲ ನೋಡಿದೆ. ಮೇಷ್ಟ್ರು ಪಕ್ಕದಲ್ಲಿದ್ದ ಚಿತ್ರದ ಹಲಗೆಯನ್ನು ಮೊಣಕೈಯಿಂದ ನನ್ನತ್ತ ತಿರುಗಿಸಿದರು. ಬಂಡೆಯ ಜಾಗ ಬಿಳಿಯಾಗಿತ್ತು. ಸುತ್ತ ಕಾಗದದ ಅಂಚಿನವರೆಗೂ ನಡುಗುವ ಗೆರೆಗಳು. "ನೋಡೋ," ಎಂದರು ಮಗುವಿನ ಹಾಗೆ ನಗುತ್ತ, "ಕಡೆಗೂ ನೀರು ಬಂತು!"