ಕೊನೆ ನೋಡದ ಕಣ್ಣೀರಣ್ಣ

ಹಳೆಯ ಕಟ್ಟಡವೊಂದರ ನೆಲಮಾಳಿಗೆಯಲ್ಲಿ, ಬೀಗದ ಕೈ ಮಾಡಿಕೊಡುವವನಿಗೂ ಫೋಟೋಗೆ ಚೌಕಟ್ಟು ಹಾಕುವವನಿಗೂ ನಡುವೆ ಅವನ ಅಂಗಡಿ. ಇಬ್ಬರು ಗಿರಾಕಿಗಳು ಒಟ್ಟಿಗೆ ಬಂದರೆ ಒಬ್ಬರು ಹೊರಗೆ ನಿಂತೇ ಮಾತಾಡಬೇಕು, ಅಷ್ಟು ಇಕ್ಕಟ್ಟು. ಹಳೆಯ ವಿಡಿಯೋ ಗೇಮುಗಳ ಡಿಸ್ಕು ಕೊಳ್ಳುವುದು, ಮಾರುವುದು, ಬಾಡಿಗೆಗೆ ಕೊಡುವುದು ಅವನ ಕಸುಬು. ಗುಂಡು ಹಾರಿಸುವ, ಕಾರು ಓಡಿಸುವ ಆಟಗಳು ಬಾಗಿಲ ಪಕ್ಕದ ಬುಟ್ಟಿಯಲ್ಲಿ ಬಿದ್ದಿರುತ್ತವೆ, ಬೇಕಾದವರು ಕೆದಕಿಕೊಳ್ಳಬಹುದು. ಅವನ ಬೆನ್ನ ಹಿಂದಿನ ಕಪಾಟಿಗೆ ಮಾತ್ರ ಯಾರೂ ಕೈ ಹಾಕುವಂತಿಲ್ಲ. ಅಲ್ಲಿರುವುದು ಕಥೆಯ ಆಟಗಳು. ತೆಗೆದುಕೊಂಡು ಹೋದವರು ಕಣ್ಣು ಕೆಂಪಗೆ ಮಾಡಿಕೊಂಡು ವಾಪಸು ತರುವಂಥವು. ಹಾಗಾಗಿ ಅವನಿಗೆ ಕಣ್ಣೀರಣ್ಣ ಎಂಬ ಹೆಸರು ಅಂಟಿತು. ಹೆತ್ತವರು ಇಟ್ಟ ಹೆಸರಿಗೆ ಈಗ ಕರೆಂಟು ಬಿಲ್ಲಿನಲ್ಲಿ ಮಾತ್ರ ಕೆಲಸ.

ಒಳ್ಳೆಯ ಗೇಮ್ ಕೊಡಿ ಎಂದು ಯಾರಾದರೂ ಕೇಳಿದರೆ, ನಿಮಗೆ ಎಂಥದು ಇಷ್ಟ ಎಂದು ಅವನು ಕೇಳುವುದಿಲ್ಲ. "ಮನೇಲಿ ಯಾರ್ಯಾರಿದ್ದೀರಿ?" ಎನ್ನುತ್ತಾನೆ. ಜನಗಣತಿಯವನೇನೋ ಎಂದು ಹೊಸಬರು ಮುಖ ನೋಡುತ್ತಾರೆ. ಉತ್ತರ ಬಂದಮೇಲೆ ಸ್ವಲ್ಪ ಹೊತ್ತು ಕತ್ತು ಕೆರೆದುಕೊಂಡು ಒಂದು ಡಿಸ್ಕು ಎಳೆಯುತ್ತಾನೆ. ಅಪ್ಪನ ಜೊತೆ ಮಾತು ಬಿಟ್ಟವನಿಗೆ, ಅಪ್ಪ ಮಗ ಇಬ್ಬರೂ ಪಾಳುಬಿದ್ದ ರೈಲುಹಳಿಗುಂಟ ನಡೆದುಹೋಗುವ ಆಟ. ಹೊಸದಾಗಿ ಮದುವೆಯಾದವರಿಗೆ, ಒಬ್ಬರು ಮೇಲೆ ಹಗ್ಗ ಹಿಡಿದರೆ ಮಾತ್ರ ಇನ್ನೊಬ್ಬರು ಬಾವಿಗೆ ಇಳಿಯಬಹುದಾದ ಆಟ. ಅದನ್ನು ಆಡಿ ಜಗಳ ಮಾಡಿಕೊಂಡವರೂ ಇದ್ದಾರೆ. ಅದಕ್ಕೆ ಅಂಗಡಿ ಜವಾಬ್ದಾರಿಯಲ್ಲ.

ಇಂಥವನದೊಂದು ವಿಚಿತ್ರ ಅಭ್ಯಾಸ. ಕಪಾಟಿನ ಒಂದೇ ಒಂದು ಆಟವನ್ನೂ ಅವನು ಕೊನೆತನಕ ಆಡಿಲ್ಲ. ಇಂಥ ಆಟಗಳಲ್ಲಿ ಕೊನೆಯ ಭಾಗಕ್ಕೆ ಮೊದಲು ಪರದೆಯ ಮೇಲೆ ಒಂದು ಸಾಲು ಬರುತ್ತದೆ: ಇಲ್ಲಿಂದ ಮುಂದೆ ಹೋದರೆ ಹಿಂದಕ್ಕೆ ಬರಲಾಗದು, ಹೋಗುವಿರಾ? ಆ ಸಾಲು ಕಂಡ ಕೂಡಲೇ ಅವನು ಡಿಸ್ಕು ಹೊರತೆಗೆದು, ಒರೆಸಿ, ಡಬ್ಬಿಗೆ ಹಾಕುತ್ತಾನೆ. ಕೇಳಿದವರಿಗೆ ಒಂದು ಸಬೂಬು ಸಿದ್ಧವಾಗಿದೆ. "ಕೊನೆ ಗೊತ್ತಿದ್ರೆ ನನ್ನ ಬಾಯಲ್ಲಿ ನಿಲ್ಲಲ್ಲ. ಹೇಳಿಬಿಟ್ರೆ ಗಿರಾಕಿಗೆ ಮೋಸ." ಕೇಳಲು ಚೆನ್ನಾಗಿದೆ. ಗಿರಾಕಿಗಳು ತಲೆದೂಗಿದ್ದಾರೆ. ನಿಜ ಅದಲ್ಲ, ಅವನಿಗೆ ಕೊನೆ ನೋಡಲು ಧೈರ್ಯ ಸಾಲದು, ಅಷ್ಟೇ.

ಅವನಿಗೊಬ್ಬಳು ತಂಗಿ. ಪರದೆ ಬಟ್ಟೆ ಮಾರುವ ಅಂಗಡಿಯಲ್ಲಿ ಅಳತೆ ತೆಗೆದು ಕತ್ತರಿಸುವ ಕೆಲಸ. ಅವಳ ಗಂಡ ಲಿಫ್ಟ್ ರಿಪೇರಿ ಮಾಡುತ್ತಿದ್ದವನು, ಗೇಮಿನ ಹುಚ್ಚಿನವನು. ಸಂಜೆ ಅವನು ಆಡುತ್ತಿದ್ದರೆ ಇವಳು ಪಕ್ಕದಲ್ಲಿ ಕೂತು, ಪಾತ್ರಗಳ ಮಾತನ್ನೆಲ್ಲ ದನಿ ಬದಲಿಸಿ ಓದಿ ನಗಿಸುತ್ತಿದ್ದಳು. ಹೋದ ವರ್ಷ ಅವನು ಕಾಯಿಲೆ ಬಿದ್ದು, ಆಸ್ಪತ್ರೆಯಲ್ಲಿ ಬಹಳ ದಿನ ಇದ್ದು, ತೀರಿಕೊಂಡ. ಆ ಮಧ್ಯಾಹ್ನ ಕಣ್ಣೀರಣ್ಣನೇ ತಂಗಿಗೆ, "ಮನೆಗೆ ಹೋಗಿ ಸ್ನಾನ ಮಾಡಿ ಬಾ, ನಾನಿದ್ದೀನಲ್ಲ" ಎಂದು ಒತ್ತಾಯ ಮಾಡಿ ಕಳಿಸಿದ್ದ. ಅವಳು ಬಸ್ಸಿನಲ್ಲಿರುವಾಗ ಎಲ್ಲ ಮುಗಿಯಿತು.

ಆಮೇಲೆ ಅವಳು ಅತ್ತದ್ದನ್ನು ಯಾರೂ ನೋಡಲಿಲ್ಲ. ಕೆಲಸಕ್ಕೆ ಹೋದಳು, ಬಂದಳು. ನೆಂಟರು ಅವಳನ್ನು ಗಾಜಿನ ಲೋಟದ ಹಾಗೆ ಹಿಡಿದರು. ಅವಳೆದುರು ಯಾರೂ ಆಸ್ಪತ್ರೆಯ ಸುದ್ದಿ ಎತ್ತುತ್ತಿರಲಿಲ್ಲ, ಟೀವಿಯಲ್ಲಿ ಯಾರಾದರೂ ಸಾಯುವ ಹಾಗೆ ಕಂಡರೆ ಕಣ್ಣೀರಣ್ಣನ ಹೆಂಡತಿ ಚಾನೆಲ್ ಬದಲಿಸುತ್ತಿದ್ದಳು. ಒಂದು ದಿನ ಅವಳೇ ಅಣ್ಣನ ಅಂಗಡಿಗೆ ಬಂದು ಬಾಗಿಲಲ್ಲಿ ನಿಂತಳು.

"ಊರಿಗೆಲ್ಲ ಆರಿಸಿ ಕೊಡ್ತೀಯ. ನಂಗೂ ಒಂದು ಕೊಡು."

ಅಪರಿಚಿತರಿಗೆ ಚಿಟಿಕೆ ಹೊಡೆಯುವಷ್ಟರಲ್ಲಿ ಆರಿಸುತ್ತಿದ್ದವನು ಈ ಒಂದಕ್ಕೆ ಒಂದು ವಾರ ಅಳೆದೂ ಸುರಿದೂ ನೋಡಿದ. ಗಂಡ ಹೆಂಡತಿಯ ಕಥೆ ಬೇಡ. ಆಸ್ಪತ್ರೆ ಬೇಡ. ಕೊನೆಗೆ ಸಿಕ್ಕಿದ್ದು ಒಬ್ಬ ಹೆಂಗಸು ತನ್ನ ಕುಂಟು ಹೇಸರಗತ್ತೆಯ ಮೇಲೆ ಉಪ್ಪಿನ ಮೂಟೆ ಹೇರಿಕೊಂಡು ಬೆಟ್ಟ ದಾಟಿ ಹೋಗುವ ಆಟ. ಕತ್ತೆ ಮೊಂಡಾಟ ಮಾಡುತ್ತದೆ, ಅವಳು ಬೈಯುತ್ತಾಳೆ, ದಾರಿಯಲ್ಲಿ ಮಂಜು, ಸೇತುವೆ, ಹಕ್ಕಿಗಳು. ಅವನು ಆಡಿದ ಮಟ್ಟಿಗೆ ಅದರಲ್ಲಿ ಯಾರೂ ಸಾಯಲಿಲ್ಲ.

"ಇದು ಹಗುರದ್ದು" ಎಂದು ಕೊಟ್ಟ. "ನಗು ಬರುತ್ತೆ. ಗಾಬರಿ ಪಡೋದೇನಿಲ್ಲ."

ಅದೇ ಆಟದ ಇನ್ನೊಂದು ಡಿಸ್ಕು ಬಾಡಿಗೆಗೆ ಹೋಗಿತ್ತು. ತೆಗೆದುಕೊಂಡವನು ಒಬ್ಬ ಬಸ್ ಡ್ರೈವರ್, ಮೀಸೆ ತಿರುವುವ ಆಳು, ರಸ್ತೆಯಲ್ಲಿ ಯಾರಿಗೂ ದಾರಿ ಬಿಡದವನು. ಕೆಲವು ದಿನ ಕಳೆದು, ಬೆಳಗಿನ ಪಾಳಿ ಮುಗಿಸಿ ಬಂದು ಡಬ್ಬಿಯನ್ನು ಮೇಜಿನ ಮೇಲೆ ಇಟ್ಟ.

"ಏನಣ್ಣ ಇದು? ಒಂದು ಕತ್ತೆಗೋಸ್ಕರ ಅಳೋ ಹಾಗೆ ಮಾಡಿಬಿಟ್ಟೆ. ನನ್ನ ಹೆಂಡತಿ ನಕ್ಕಳು."

"ಕತ್ತೆಗೆ ಏನಾಯ್ತು?" ಎಂದ ಕಣ್ಣೀರಣ್ಣ.

ಡ್ರೈವರ್ ಅವನ ಮುಖವನ್ನೇ ನೋಡಿದ. "ಸಾಯುತ್ತಲ್ಲ. ಸಮುದ್ರ ಕಾಣೋ ಜಾಗದಲ್ಲಿ ಮಲಗಿಬಿಡುತ್ತೆ. ಅವಳು ಕುತ್ತಿಗೆ ಮೇಲೆ ಕೈ ಇಟ್ಕೊಂಡು ಕೂತಿರಬೇಕು, ಅಂದ್ರೆ ನಾವು ಬಟನ್ ಒತ್ತಿ ಹಿಡ್ಕೊಂಡೇ ಇರಬೇಕು, ಅದರ ಉಸಿರು ನಿಲ್ಲೋ ತನಕ. ಬಿಟ್ರೆ ಆಟ ಮುಂದಕ್ಕೆ ಹೋಗಲ್ಲ. ನಿಂಗೆ ಗೊತ್ತಿಲ್ವಾ?"

ಕಣ್ಣೀರಣ್ಣ ತಂಗಿಗೆ ಫೋನು ಮಾಡಿದ, ಎತ್ತಲಿಲ್ಲ. ಪರದೆ ಅಂಗಡಿಗೆ ಮಾಡಿದ; ಇವತ್ತು ರಜೆ ಹಾಕಿದ್ದಾಳೆ ಎಂದರು. ರಜೆ ಹಾಕಿ ಮನೆಯಲ್ಲಿ ಏನು ಮಾಡುತ್ತಿರಬಹುದು ಎನ್ನುವುದು ಅವನಿಗೆ ಬೇರೆಯವರು ಹೇಳಿ ತಿಳಿಯಬೇಕಿರಲಿಲ್ಲ. ಅಂಗಡಿ ನೋಡಿಕೊಳ್ಳಲು ಬೀಗದವನಿಗೆ ಹೇಳಿ ಓಡಿದ. ಅವಳು ಆ ಸಾಲಿನ ಹತ್ತಿರ ಬರುವ ಮೊದಲು ಡಿಸ್ಕು ಕಿತ್ತುಕೊಳ್ಳಬೇಕು, ಬೇರೆ ಏನೂ ಅವನ ತಲೆಯಲ್ಲಿರಲಿಲ್ಲ. ಒಂದು ವರ್ಷ ಎಲ್ಲರೂ ಸೇರಿ ಮುಚ್ಚಿಟ್ಟದ್ದನ್ನು ತಾನೇ ಡಬ್ಬಿಗೆ ಹಾಕಿ, ಹಗುರದ್ದು ಎಂದು ಹೇಳಿ ಕೊಟ್ಟಿದ್ದೇನಲ್ಲ ಎಂದು ದಾರಿಯುದ್ದಕ್ಕೂ ತನ್ನನ್ನು ಬೈದುಕೊಂಡ.

ತಂಗಿ ಬಾಗಿಲು ತೆಗೆದಳು. ಅವಳ ಕಣ್ಣು ಊದಿಕೊಂಡಿತ್ತು. ನೆಲದ ಮೇಲೆ ಕಂಟ್ರೋಲರ್, ಪಕ್ಕದಲ್ಲಿ ಖಾಲಿ ಲೋಟ. ಟೀವಿ ಆಫ್ ಆಗಿತ್ತು.

"ಮುಗಿಸಿಬಿಟ್ಯಾ?" ಎಂದ.

"ಮುಗೀತು."

"ನಂಗೆ ಗೊತ್ತಿರ್ಲಿಲ್ಲ ಪುಟ್ಟಿ. ಆಣೆ ಮಾಡಿ ಹೇಳ್ತೀನಿ. ಗೊತ್ತಿದ್ರೆ..."

"ಗೊತ್ತಿದ್ರೆ ಕೊಡ್ತಿರ್ಲಿಲ್ಲ" ಎಂದಳು ತಂಗಿ. "ಕೂತ್ಕೋ. ಏದುಸಿರು ಬಿಡ್ತಿದ್ದೀಯ."

ಅವನು ಕೂರಲಿಲ್ಲ. ಅವಳು ಗೋಡೆಗೆ ಒರಗಿ ಕೂತು, ಅಂಗಡಿಯಲ್ಲಿ ಬಟ್ಟೆಯ ಅಳತೆ ಹೇಳುವ ದನಿಯಲ್ಲೇ ಹೇಳತೊಡಗಿದಳು.

"ಮೊದಲು ಬಟನ್ ಬಿಟ್ಟುಬಿಟ್ಟೆ. ಏನೂ ಆಗ್ಲಿಲ್ಲ. ಅದು ಉಸಿರಾಡ್ತಾ ಬಿದ್ದಿತ್ತು. ಟೀ ಮಾಡ್ಕೊಂಡು ಬಂದೆ, ಆಗ್ಲೂ ಹಾಗೇ ಇತ್ತು. ಬಟ್ಟೆ ಒಣಗಿಹಾಕಿ ಬಂದೆ. ನಾನು ಬರೋ ತನಕ ಹೋಗಲ್ಲ ಅಂತ ಕಾಯ್ತಾ ಇತ್ತು. ಆಮೇಲೆ ಕೂತು ಒತ್ತಿ ಹಿಡ್ಕೊಂಡೆ."

"ಪುಟ್ಟಿ, ಬಿಡು ಆ ಮಾತು."

"ಎಲ್ರೂ ಬಿಡು ಅಂತಾನೇ ಹೇಳಿದ್ರು. ಆವತ್ತು ನೀನೂ, ಇವಳಿಗೆ ನೋಡಕ್ಕಾಗಲ್ಲ ಅಂತ, ಸ್ನಾನ ಮಾಡಿ ಬಾ ಅಂದು ಕಳಿಸ್ದೆ. ನಂಗೆ ಆಗ್ತಿತ್ತು ಅಣ್ಣ. ಇವತ್ತು ಗೊತ್ತಾಯ್ತು."

ಒಂದು ವರ್ಷದಿಂದ ಅವನು ಎಲ್ಲರಿಗೂ ಹೇಳಿಕೊಂಡು ಬಂದಿದ್ದ ಮಾತೊಂದಿತ್ತು, ಅದೇ ಬಾಯಿಗೆ ಬಂತು. "ಭಾವ ಒಬ್ಬರೇ ಇರ್ಲಿಲ್ಲ. ನಾನು ಪಕ್ಕದಲ್ಲೇ..."

"ನೀನು ಹೊರಗೆ ಕಾರಿಡಾರಲ್ಲಿ ನಿಂತಿದ್ದೆ" ಎಂದಳು ತಂಗಿ. ದನಿ ಏರಿಸಲಿಲ್ಲ. "ನರ್ಸ್ ಆವತ್ತೇ ಹೇಳಿದ್ಲು. ಮುಖ ಗೋಡೆ ಕಡೆ ಮಾಡ್ಕೊಂಡು ನಿಂತಿದ್ದೆಯಂತೆ. ಒಳಗೆ ಯಾರೂ ಇರ್ಲಿಲ್ಲ."

ಕಣ್ಣೀರಣ್ಣನಿಗೆ ನಾಚಿಕೆಯಿಂದ ಮುಖ ಸುಟ್ಟ ಹಾಗಾಯಿತು. ಇವಳು ಒಂದು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು, ಹಬ್ಬಕ್ಕೂ ಹುಣ್ಣಿಮೆಗೂ ಬಂದು ಅಣ್ಣಾ ಎಂದು ಮಾತಾಡಿಸಿಕೊಂಡು ಹೋಗಿದ್ದಳು. ಅವನು ನೆಲದ ಮೇಲೆ ಕೂತ.

"ಬೈಯಲ್ವಾ?" ಎಂದ.

"ಬೈಬೇಕು ಅಂತಾನೇ ಅಂಗಡಿಗೆ ಬಂದಿದ್ದೆ. ನಿನ್ನ ಮುಖ ನೋಡಿ ಡಿಸ್ಕ್ ಕೇಳ್ದೆ."

ಅವಳು ಎದ್ದು ಟೀವಿ ಹಾಕಿದಳು. ಆಟದ ಕೊನೆಯ ಭಾಗವನ್ನು ಮಾತ್ರ ಮತ್ತೆ ಶುರುಮಾಡಿ, ಕಂಟ್ರೋಲರನ್ನು ಅವನ ಮಡಿಲಲ್ಲಿಟ್ಟಳು. ಪರದೆಯ ಮೇಲೆ ಬೂದು ಬಣ್ಣದ ಸಮುದ್ರ. ಉಪ್ಪಿನ ಮೂಟೆಗಳನ್ನು ಇಳಿಸಿಟ್ಟಿದೆ. ಕತ್ತೆ ಮಗ್ಗುಲಾಗಿ ಮಲಗಿದೆ, ಹೆಂಗಸು ಅದರ ತಲೆಯ ಬಳಿ ಮಂಡಿಯೂರಿದ್ದಾಳೆ. ಕೋಣೆಯ ತುಂಬ ಅದರ ಉಸಿರಿನ ಸದ್ದು.

"ನನ್ನ ಕೈಲಾಗಲ್ಲ" ಎಂದ.

ತಂಗಿ ಅವನ ಪಕ್ಕದಲ್ಲಿ ಕೂತಳು. ಅವನು ಹೆಬ್ಬೆರಳನ್ನು ಬಟನ್ನಿನ ಮೇಲಿಟ್ಟು ಒತ್ತಿದ. ಹೆಂಗಸಿನ ಕೈ ಕತ್ತೆಯ ಕುತ್ತಿಗೆಯ ಮೇಲೆ ಇಳಿಯಿತು. ಉಸಿರು ಬಂತು, ಹೋಯಿತು. ತುಂಬ ಹೊತ್ತಿನ ಮೇಲೆ ಇನ್ನೊಂದು ಬಂತು. ಅವನಿಗೆ ಎದ್ದು ಹೊರಗೆ ಹೋಗಬೇಕೆನ್ನಿಸಿತು, ಬಾಗಿಲು ತೆರೆದೇ ಇತ್ತು.

"ಇನ್ನೂ ಎಷ್ಟು ಹೊತ್ತು?" ಎಂದು ಕೇಳಿದ. ಮುಖವೆಲ್ಲ ಒದ್ದೆಯಾಗಿತ್ತು.

"ಅದನ್ನ ಮೊದಲೇ ಹೇಳಿದ್ರೆ ಮೋಸ" ಎಂದಳು ತಂಗಿ. "ಹಿಡ್ಕೋ. ನಾನಿದ್ದೀನಲ್ಲ."