ಬಾಯಿ ಕಟ್ಟಿ ಎಂದ ತಳವಾರ

ಬುಕ್ಕಾಂಬುಧಿಯ ತಳವಾರ ದೊಡ್ಡಬೀರಪ್ಪನಿಗೆ ಉದ್ದ ಮಾತು ಕಂಡರೆ ಆಗುತ್ತಿರಲಿಲ್ಲ. ಕಚೇರಿಯವರು ಕಾಲುಗಂಟೆ ಹೇಳಿದ್ದನ್ನು ಅವನು ತಮಟೆಯ ಎರಡು ಪೆಟ್ಟಿನ ನಡುವೆ ಸಾರಿ ಮುಗಿಸುತ್ತಿದ್ದ. ಅವನು ಸಾರಿದ ಮೇಲೆ ಊರಲ್ಲಿ ಎರಡನೇ ಮಾತಿರಲಿಲ್ಲ. ಇಪ್ಪತ್ತು ವರ್ಷದಿಂದ ಅದೇ ಅವನ ಹೆಮ್ಮೆ.

ಐವತ್ತೇಳನೇ ಇಸವಿಯಲ್ಲಿ ಫ್ಲೂ ಜ್ವರ ಬಂತು. ಮನೆಗೆ ಇಬ್ಬರು ಮೂವರು ಹಾಸಿಗೆ ಹಿಡಿದರು. ಅಜ್ಜಂಪುರದಿಂದ ಹೆಲ್ತ್ ಇನ್ಸ್‌ಪೆಕ್ಟರ್ ಓಂಕಾರಮೂರ್ತಿ ಸೈಕಲ್ಲಿನಲ್ಲಿ ಬಂದು, ಜ್ವರ ಇರುವವರು ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕೆಂದು ಡಂಗುರ ಸಾರಲು ಹೇಳಿದರು.

"ಬಟ್ಟೆ ಕಟ್ಟಿದ್ರೆ ಜ್ವರ ನಿಲ್ತದಾ ಸ್ವಾಮಿ?" ಎಂದು ದೊಡ್ಡಬೀರಪ್ಪ ಕೇಳಿದ.

"ಕೆಮ್ಮಿದಾಗ ಎಂಜಲು ಹಾರೋದು ಕಮ್ಮಿ ಆಗ್ತದೆ. ಜ್ವರ ಎಷ್ಟು ತಡೀತದೋ, ದೊಡ್ಡ ಡಾಕ್ಟರುಗಳೇ ಒಬ್ಬೊಬ್ಬರು ಒಂದೊಂದು ಹೇಳ್ತಾರೆ ಕಣಯ್ಯ. ಮೇಲಿಂದ ಆರ್ಡರ್ ಬಂದದೆ, ಸಾರು."

ತಮಗೇ ಗೊತ್ತಿಲ್ಲದ್ದನ್ನು ತನ್ನ ಬಾಯಲ್ಲಿ ಕೂಗಿಸುತ್ತಾರಲ್ಲ ಎಂದು ಅವನಿಗೆ ರೇಗಿತು. ಆ ಸಿಟ್ಟಿನಲ್ಲೇ ತಮಟೆ ಬಡಿದು, "ಜ್ವರ ಬಂದೋರು ಬಾಯಿ ಕಟ್ಬೇಕು. ಸರ್ಕಾರದ ಹುಕುಂ" ಎಂದು ಬೀದಿಬೀದಿಗೆ ಕೂಗಿ, ಸುತ್ತಲ ಹಳ್ಳಿಗಳಿಗೆ ಹೊರಟುಹೋದ.

ಐದನೇ ದಿನ ತಿರುಗಿ ಬಂದಾಗ ಅರಳಿಕಟ್ಟೆಯ ಮೇಲೆ ಜ್ವರ ಹಿಡಿದಿದ್ದ ಲಕ್ಕಣ್ಣ ಸುಣ್ಣದ ಗೋಡೆಯಂತೆ ಬಿಳಿಚಿಕೊಂಡು ಕೂತಿದ್ದ. ಮುಖದ ಮೇಲೆ ಬಟ್ಟೆಯಿಲ್ಲ.

"ಏನಪ್ಪಾ ಬೀರಪ್ಪ, ಸರ್ಕಾರದ ಕಣ್ಣು ನಮ್ ಮುದ್ದೆ ಮ್ಯಾಲೂ ಬಿತ್ತಾ? ನಾಕು ದಿನದಿಂದ ಬರೀ ನೀರು ಕಣೋ."

ದೊಡ್ಡಬೀರಪ್ಪನಿಗೆ ಆಗ ಹೊಳೆಯಿತು. ನಾಟಿ ಔಷಧಿ ಕೊಡುವವರು ರೋಗಿಗೆ ಬಾಯಿ ಕಟ್ಟು ಎಂದರೆ ಪಥ್ಯ ಮಾಡು, ತಿನ್ನಬೇಡ ಎಂದರ್ಥ. ಊರು ಹಾಗೇ ತಿಳಿದಿತ್ತು. ಅವನ ಮಗಳು ಹಾಲಮ್ಮನನ್ನು ಕೊಟ್ಟಿದ್ದು ಅದೇ ಊರಲ್ಲಿದ್ದ ತನ್ನ ಅಕ್ಕ ಈರಕ್ಕನ ಮಗನಿಗೆ. ಎರಡು ತಿಂಗಳ ಬಾಣಂತಿ. ಅವನು ಹೊರಟ ದಿನವೇ ಅವಳಿಗೆ ಜ್ವರ ಬಂದಿತ್ತು.

ಓಡಿದ. ಈರಕ್ಕ ಬಾಗಿಲಲ್ಲೇ ಇದ್ದಳು.

"ನೀನು ಸಾರಿದಂಗೇ ನಡ್ಸಿದೀನಿ ಕಣೋ. ಒಂದಗುಳು ಮುಟ್ಟಿಸಿಲ್ಲ."

ಒಳಗೆ ಹಾಲಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕೂಸು ಬತ್ತಿದ ಮೊಲೆ ಚೀಪಿ ಚೀಪಿ ಅಳುವುದಕ್ಕೂ ತ್ರಾಣವಿಲ್ಲದೆ ಮುಲುಗುತ್ತಿತ್ತು.

"ಅಕ್ಕಾ, ಗಂಜಿ ಕಾಯ್ಸು."

"ಊರಿಗೊಂದು ಹುಕುಂ, ನಿನ್ ಮಗಳಿಗೊಂದಾ? ನಾಳೆ ನಾನು ಬಾವಿ ಹತ್ರ ತಲೆ ಎತ್ಕೊಂಡು ಹೋಗ್ಬೇಕೋ ಬ್ಯಾಡ್ವೋ?"

"ಹುಕುಂ ಅಲ್ಲ ಅಕ್ಕ. ಬಾಯಿಗೆ ಬಟ್ಟೆ ಕಟ್ರಿ ಅಂದಿದ್ರು. ಬಟ್ಟೆ ಅನ್ನೋದನ್ನ ನಾನು ನುಂಗ್ಬಿಟ್ಟೆ."

ಈರಕ್ಕ ನಂಬಲಿಲ್ಲ. "ಹಂಗಾರೆ ಊರಿಗೆಲ್ಲ ಸಾರು. ಆಮ್ಯಾಕೆ ಒಲೆ ಹಚ್ತೀನಿ."

ಅವನು ಅದೇ ಬಾಗಿಲಲ್ಲಿ ನಿಂತು ತಮಟೆ ಬಡಿದ. ಜನ ಸೇರುವತನಕ ಬಡಿದ. "ನಾನು ಸಾರಿದ್ದು ತಪ್ಪು. ಜ್ವರ ಬಂದೋರು ಬಾಯಿ ಮೂಗಿಗೆ ಬಟ್ಟೆ ಕಟ್ಬೇಕು. ಹೊಟ್ಟೆಗೆ ಉಣ್ಬೇಕು. ತಪ್ಪು ಸರ್ಕಾರದ್ದಲ್ಲ, ನಂದು." ಜನರ ಗದ್ದಲದಲ್ಲಿ ಕೊನೆಯ ಮಾತು ಅರ್ಧ ಕೇಳಿಸಿತು. ಇನ್ನೊಂದು ಸಲ ಪೂರ್ತಿ ಹೇಳಿದ. ಹಿಂದುಗಡೆ ಈರಕ್ಕ ಒಲೆ ಊದುವ ಸದ್ದು ಬಂತು.

ಮರುದಿನ ಅವನು ಸುತ್ತಲ ಹಳ್ಳಿಗಳಲ್ಲೂ ತಪ್ಪು ತಿದ್ದಿ ಸಾರಿ ಬಂದ. ಹಾಲಮ್ಮ ಉಳಿದಳು. ಹಾಲು ಮಾತ್ರ ತಿರುಗಿ ಬರಲಿಲ್ಲ. ದೊಡ್ಡಬೀರಪ್ಪ ಒಂದು ಮೇಕೆ ಹಿಡಿದು ತಂದು ಅಕ್ಕನ ಮನೆ ಮುಂದೆ ಕಟ್ಟಿದ. ಕೂಸು ಬೆಳೆಯಿತು, ಆದರೆ ಸೊರಗಿಯೇ ಬೆಳೆಯಿತು. ಆಮೇಲೆ ಹತ್ತು ವರ್ಷ ಅವನು ಕಚೇರಿಯವರು ಹೇಳಿದ ಒಂದು ಮಾತನ್ನೂ ಬಿಡದೆ ಸಾರಿದ. ನಿಂತವರು ಆಕಳಿಸುತ್ತಿದ್ದರು. ಅವನು ನಿಲ್ಲಿಸುತ್ತಿರಲಿಲ್ಲ.