ಅಪೂರ್ವಾಳ ನಾಲ್ಕು ಸಂಜೆಯ ನಡಿಗೆ

ನೆದರ್ಲೆಂಡ್ಸ್‌ನ ನೈಮೆಗನ್ ಊರಿನ ಚಿಪ್ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿರುವ ಹುಬ್ಬಳ್ಳಿಯ ಸ್ವಪ್ನಾಗೆ ಮಗಳು ಹುಟ್ಟಿದ್ದು ಮೂರು ತಿಂಗಳು ಮೊದಲೇ. ದಿನ ತುಂಬದ ಕೂಸು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯೊಳಗೆ ಬೆಳೆಯಿತು. ಮನೆಗೆ ಬಂದಮೇಲೆ ಉಂಡು, ಆಡಿ, ಮೆಲ್ಲಗೆ ಓರಗೆಯ ಮಕ್ಕಳಷ್ಟೇ ಎತ್ತರವಾಯಿತು. ಅಪೂರ್ವ ಎಂದು ಹೆಸರಿಟ್ಟರು.

ಆದರೆ ಗದ್ದಲವೆಂದರೆ ಅವಳಿಗೆ ಆಗದು. ಮಿಕ್ಸರ್ ಸದ್ದಿಗೆ ಅಳು; ಶಾಲೆಯಲ್ಲಿ ಎಲ್ಲರೂ ಹುಟ್ಟುಹಬ್ಬದ ಹಾಡು ಹೇಳಿದರೆ ಮೇಜಿನ ಕೆಳಗೆ. ಯಾರಾದರೂ ಮಾತಾಡಿಸಿದರೆ ಅಮ್ಮನ ಬೆನ್ನ ಹಿಂದೆ. ಉತ್ತರ ಸ್ವಪ್ನಾಳೇ ಕೊಡುತ್ತಿದ್ದಳು.

ಬೇಗ ಹುಟ್ಟಿದ ಕೆಲವು ಮಕ್ಕಳು ಹೀಗಿರುತ್ತಾರೆ, ಇದು ಹಟವಲ್ಲ, ನಿಮ್ಮ ತಪ್ಪೂ ಅಲ್ಲ ಎಂದು ಮಕ್ಕಳ ಡಾಕ್ಟರು ಹೇಳಿದ್ದರು. ಮುಂದೆ ಏನಾಗುತ್ತದೆಂದು ಅವಳಿಗೆ ಮೊದಲೇ ತಿಳಿಸಿ, ಅವಳು ಮಾತಾಡುವ ತನಕ ಕಾಯಿರಿ ಎಂದೂ ಅಂದಿದ್ದರು. ತಿಳಿಸುವುದು ಸ್ವಪ್ನಾಗೆ ಬಂತು. ಕಾಯುವುದು ಬರಲಿಲ್ಲ.

ಅಪೂರ್ವಾಗೆ ಆರು ವರ್ಷವಾದ ಬೇಸಿಗೆಯಲ್ಲಿ ಶಾಲೆಯ ಸಂಜೆ ನಡಿಗೆ ಬಂತು. ನಾಲ್ಕು ಸಂಜೆ ಊರಿನ ಮಕ್ಕಳೆಲ್ಲ ಗುಂಪುಗುಂಪಾಗಿ ನಡೆಯುತ್ತಾರೆ. ಕೊನೆಯ ದಿನ ಬ್ಯಾಂಡು, ಹೂವು, ಪದಕ.

"ಇವಳು ಬರಲ್ಲ," ಎಂದಳು ಸ್ವಪ್ನಾ, ಟೀಚರ್ ಮಾರ್ಲೀನ್‌ಗೆ.

"ಇಕ್ ವಿಲ್ ವೆಲ್!" ಬೆನ್ನ ಹಿಂದಿನಿಂದ ಡಚ್ಚಿನಲ್ಲಿ ದನಿ ಬಂತು. ನಾನು ಬರ್ತೀನಿ!

ಮನೆಯಲ್ಲಿ ಗಂಡ ಬಸವಪ್ರಸಾದ ನಕ್ಕ. "ಅಕಿನ ಬರ್ತೀನಿ ಅಂತಾಳ. ನಿಂದೇನ್ ತಕರಾರು?"

"ದಾರ್‍ಯಾಗ ಕುಂತು ಅತ್ರ?"

"ಅಳಲಿ. ಅತ್ತು ಮುಗಿಸಿ ನಡೀತಾಳ."

ಮೊದಲ ಸಂಜೆ ಅಪೂರ್ವ ಕಿವಿಗೆ ಸದ್ದು ತಡೆಯುವ ಹೆಡ್‌ಫೋನ್ ಹಾಕಿಕೊಂಡು ಅಮ್ಮನ ಜೊತೆ ಎಲ್ಲರ ಹಿಂದೆ ನಡೆದಳು. ಇಲ್ಲಿನ ರೂಢಿಯಂತೆ ಪೆಪ್ಪರ್‌ಮಿಂಟ್ ಸಿಕ್ಕಿಸಿದ ಅರ್ಧ ನಿಂಬೆಹಣ್ಣು ಚೀಪುತ್ತ, ಮುಖ ಹಿಂಡುತ್ತ, ಮತ್ತೆ ಚೀಪುತ್ತ. ಎರಡನೆಯ ಸಂಜೆ ಸೈಕಲ್ ದಾರಿಯ ಪಕ್ಕದಲ್ಲೇ ಬಿದ್ದು ಹೊರಳಾಡಿ ಕಿರುಚಿದಳು. ಎತ್ತಿಕೊಂಡು ಮನೆಗೆ ಓಡಬೇಕೆನಿಸಿತು ಸ್ವಪ್ನಾಗೆ. ಆದರೂ ಹುಲ್ಲಿನ ಮೇಲೆ ಸುಮ್ಮನೆ ಕುಳಿತಳು. ಬಹಳ ಹೊತ್ತಿನ ಮೇಲೆ ಮಗಳೇ ಎದ್ದು ಮೂಗೊರೆಸಿಕೊಂಡಳು: "ನಡಿ." ಮೂರನೆಯ ಸಂಜೆ ಜಿಟಿಜಿಟಿ ಮಳೆ, ಅವಳಿಗೆ ಬಲು ಖುಷಿ.

ಕೊನೆಯ ಸಂಜೆ ದೊಡ್ಡ ಬೀದಿಯ ತಿರುವಿನಲ್ಲಿ ಡ್ರಮ್ ಕೇಳಿದ್ದೇ ಕಾಲು ನೆಟ್ಟು ನಿಂತಳು. ಟೀಚರ್ ಬಂದು ಬಗ್ಗಿ ಏನಾಯಿತೆಂದು ಕೇಳಿದರು. ಸ್ವಪ್ನಾ ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು.

"ಡ್ರಮ್ ಬೇಡ," ಎಂದಳು ಅಪೂರ್ವ ಡಚ್ಚಿನಲ್ಲಿ, ಪಕ್ಕದ ಓಣಿಗೆ ಬೆರಳು ತೋರಿಸಿ. "ನಾನು ಆ ಕಡೆಯಿಂದ ಬರ್ತೀನಿ."

"ಒಳ್ಳೇ ಯೋಚನೆ," ಎಂದರು ಮಾರ್ಲೀನ್. "ಆ ತುದಿಯಲ್ಲಿ ಸಿಗ್ತೀನಿ."

"ನಾನೂ ಬರ್ತೀನಿ, ಡ್ರಮ್ ಅಂದ್ರೆ ನಂಗೆ ತಲೆನೋವು," ಎಂದು ಗೆಳತಿ ಫೆನ್ನಾ ಕೈ ಹಿಡಿದುಕೊಂಡಳು. ನೋಡುನೋಡುತ್ತ ಇನ್ನೂ ಮೂವರಿಗೆ ತಲೆನೋವು ಬಂತು!

ಬೀದಿಯ ಆ ತುದಿಯಲ್ಲಿ ಬಸವಪ್ರಸಾದ ಮಗಳಿಗೆಂದು ಗ್ಲ್ಯಾಡಿಯೋಲಸ್ ಹೂ ಹಿಡಿದು ಬ್ಯಾಂಡಿನ ಕಡೆಗೇ ಕತ್ತು ಚಾಚಿ ಕಾಯುತ್ತಿದ್ದ. ಹಿಂದಿನಿಂದ ಎಂಥ ಕೂಗು!

"ಪಪ್ಪಾ! ಈ ಕಡೆ!"

ಜನವೆಲ್ಲ ತಿರುಗಿ ನೋಡಿದರು. ಅವನು ಹೂವನ್ನೂ ಮಗಳನ್ನೂ ಒಟ್ಟಿಗೇ ತಬ್ಬಿಕೊಂಡ. ಸ್ವಪ್ನಾಗೆ ನಗುವೂ ಅಳುವೂ ಕೂಡಿಯೇ ಬಂದವು.

ಮನೆಗೆ ಹೋಗುವಾಗ ಸ್ವಪ್ನಾಳ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಕುಂಟುತ್ತ ಹಿಂದೆ ಬಿದ್ದಳು. ಪದಕ ಕುಣಿಸುತ್ತ ಮುಂದೆ ಓಡುತ್ತಿದ್ದ ಅಪೂರ್ವ ನಿಂತು, ಸೊಂಟದ ಮೇಲೆ ಕೈಯಿಟ್ಟು ಗದರಿದಳು:

"ಮಮ್ಮಿ, ಲಗೂ ಬಾ!"